ಬೆಲ್ ಬಾರಿಸಿದಾಗ ಮರೆತುಹೋಗುವ ಭಾಷೆ

ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿ, ಮಧ್ಯಾಹ್ನದ ಸಾರು ಒಲೆಯ ಮೇಲೆ ಕುದಿಯುವ ಹೊತ್ತು. ಮನೆಮನೆಗೆ ಬಂದು ಮಾರುವವರಿಗೂ ಇದೇ ಹೊತ್ತು ಬೇಕು. ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಮನೆಗಳಲ್ಲಿ ಹನ್ನೊಂದು ಗಂಟೆಗೆ ಕಾಲಿಂಗ್ ಬೆಲ್ ಸದ್ದಾಯಿತೆಂದರೆ ಮನೆಯಾಕೆ ಮೊದಲು ಕಿಟಕಿಯಿಂದ ಇಣುಕುತ್ತಾಳೆ. ಹೆಗಲಲ್ಲಿ ದೊಡ್ಡ ಚೀಲ, ಕುತ್ತಿಗೆಯಲ್ಲಿ ಟ್ಯಾಗು, ಈ ಬಿಸಿಲಿಗೂ ಕಾಲಿಗೆ ಶೂ. ಇಷ್ಟು ಕಂಡರೆ ಸಾಕು, ಯಾವ ಭಾಷೆಯಲ್ಲಿ ಮಾತಾಡುವುದೆಂದು ಚಿಲಕ ತೆಗೆಯುವ ಮೊದಲೇ ತೀರ್ಮಾನವಾಗಿರುತ್ತದೆ. ತುಳು, ಕನ್ನಡ, ಮಲಯಾಳ ಮೂರನ್ನೂ ಬಲ್ಲ ಆಕೆ ಆ ಗಳಿಗೆಯಲ್ಲಿ ಒಂದನ್ನು ಮರೆತುಬಿಡುತ್ತಾಳೆ.

‘ಚೇಚೀ, ಒರು ಮಿನಿಟ್’ ಎಂದು ಬಂದವನಿಗೆ ಮಲಯಾಳ ಬರುವುದಿಲ್ಲವೆಂಬ ಕೈಸನ್ನೆ. ಮಂಗಳೂರು ಕಡೆಯಿಂದ ಬಂದು ‘ಅಕ್ಕ, ಹೊಸ ವಾಟರ್ ಫಿಲ್ಟರ್’ ಎಂದವನಿಗೆ ‘ಕನ್ನಡ ಅರಿಯಿಲ್ಲ’. ಬೆಡ್‌ಶೀಟಿನ ಹಿಂದಿಯವನಿಗೆ ತುಳುವಿನ ‘ಬೊಡ್ಚಿ’ಯೇ ಸಾಕು. ಉಪಾಯ ಹಳೆಯದು, ಬಹಳ ಸಲ ಫಲಿಸುತ್ತದೆ. ಆದರೆ ‘ಮಲಯಾಳಂ ಅರಿಯಿಲ್ಲ’ ಎಂಬುದನ್ನು ಶುದ್ಧ ಮಲಯಾಳದ ರಾಗದಲ್ಲೇ ಹೇಳಿ ಸಿಕ್ಕಿಬಿದ್ದವರೂ ಇದ್ದಾರೆ. ಮಾರುವವರೇನು ಕಡಿಮೆಯೇ? ಊರು ತಿರುಗಿ ಪಳಗಿದವನು ‘ತುಳು ಬರ್ಪುಂಡಾ ಅಕ್ಕಾ?’ ಎಂದು ನಗುತ್ತಾ ಸಿಟೌಟಿನ ಮೆಟ್ಟಿಲಲ್ಲಿ ಕೂತೇ ಬಿಡುತ್ತಾನೆ. ತುಳುವಿನಲ್ಲಿ ಕೇಳಿದವರಿಗೆ ಮುಖ ತಿರುಗಿಸುವುದು ಈ ನಾಡಿನಲ್ಲಿ ಕಷ್ಟ.

ಭಾಷೆಯ ಉಪಾಯ ಸೋತಾಗ ಬಾಯಿಗೆ ಬರುವ ಎರಡನೆಯ ಮಾತು ‘ಇವರು ಇಲ್ಲ, ಸಂಜೆ ಬನ್ನಿ’. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಮನೆಯಲ್ಲಿ ಒಬ್ಬಳೇ ಇದ್ದೇನೆ ಎಂಬ ಸುದ್ದಿಯನ್ನು ಗುರುತಿಲ್ಲದವನಿಗೆ ಕೊಟ್ಟಂತೆಯೂ ಆಯಿತು, ಇನ್ನೊಮ್ಮೆ ಬರಲು ಕರೆದಂತೆಯೂ ಆಯಿತು.

ಯಾವ ಭಾಷೆಯ ಮರೆವೂ ನಡೆಯದಿರುವುದು ವಂತಿಗೆಯವರ ಮುಂದೆ. ಮಲಯಾಳದ ‘ಪಿರಿವು’ ಈಗ ಕನ್ನಡದ ಮನೆಗಳಲ್ಲೂ ಬಳಕೆಯ ಮಾತು. ದೈವಸ್ಥಾನದ ಕಳಿಯಾಟ, ಯಕ್ಷಗಾನ ಬಯಲಾಟ, ಕ್ಲಬ್ಬಿನ ವಾರ್ಷಿಕೋತ್ಸವ, ಪಕ್ಷದ ಸಮ್ಮೇಳನ, ಓಣಂ, ಗಣೇಶೋತ್ಸವ. ರಸೀದಿ ಪುಸ್ತಕ ಹಿಡಿದವರು ಐದಾರು ಜನ ಒಟ್ಟಿಗೆ ಬರುತ್ತಾರೆ. ಅವರಲ್ಲಿ ಒಬ್ಬ ಮಗಳ ಸಹಪಾಠಿ, ಇನ್ನೊಬ್ಬ ಅಡಿಕೆ ಕೊಯ್ಯುವವನು. ಹಿಂದಿನ ಮನೆಯವರು ಎಷ್ಟು ಬರೆಸಿದ್ದಾರೆಂದು ಕಾಣುವ ಹಾಗೆ ಪುಸ್ತಕವನ್ನು ಬಿಡಿಸಿ ಹಿಡಿಯುವುದೂ ಒಂದು ಕಲೆಯೇ. ಇಲ್ಲಿ ಬಾಗಿಲು ಹಾಕುವಂತಿಲ್ಲ, ಚೌಕಾಸಿ ಮಾತ್ರ ಸಾಧ್ಯ. ಅದೂ ಬೆಲ್ಲ, ನೀರು ಕೊಟ್ಟ ಮೇಲೆ.

ಭಾಷೆ ಬರುವುದಿಲ್ಲವೆಂದು ನಟಿಸುವವರ ಹಿಂದೆಯೇ ನಿಜವಾಗಿಯೂ ಬಾರದವರು ಕೂತಿರುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮುಂಚೆ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಗ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಅಜ್ಜ, ಅಜ್ಜಿಯಂದಿರಿಗೆ ಸಂತೆಗೆ ಸಾಕಾಗುವಷ್ಟು ಮಲಯಾಳ ಬಂದೀತು, ಮಲಯಾಳದ ಲಿಪಿ ಓದಲು ಬಾರದು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು, ಸೇರಲಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಡಿ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ಅದು ಕಾಗದದ ಮಾತಾಯಿತು. ಫಾರಂ ಹಿಡಿದು ಅಂಗಳಕ್ಕೆ ಬಂದವರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎನ್ನುವುದು ಬಂದವರ ಮೇಲೆಯೇ ನಿಂತಿದೆ.

ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯ ಹೆಂಗಸರು ಮೊದಮೊದಲು ಬೇಡದವರ ಪಟ್ಟಿಯಲ್ಲೇ ಇದ್ದರು. ತೊಳೆದು ಒಣಗಿಸಿದ ಪ್ಲಾಸ್ಟಿಕ್‌ ಅನ್ನೂ ಕೊಡಬೇಕು, ಮೇಲಿಂದ ತಿಂಗಳಿಗೆ 50 ರೂಪಾಯಿಯನ್ನೂ ಕೊಡಬೇಕು ಎಂದರೆ ಯಾರಿಗೆ ಹಿಡಿಸೀತು? ‘ಮಲಯಾಳ ಬರೂದಿಲ್ಲ’ ಇಲ್ಲೂ ಪ್ರಯೋಗವಾಯಿತು. ಪಕ್ಕದ ಮನೆಯ ಹೆಂಗಸೇ ಹಸಿರು ಕೋಟು ಹಾಕಿಕೊಂಡು ಬಂದು ಗೋಡೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡತೊಡಗಿದಾಗ ಆ ನೆಪ ಮುಗಿಯಿತು.

ಜನಗಣತಿಯವರ ಎದುರು ಈ ನೆಪ ತೆಗೆದರೆ ನಷ್ಟ ಕನ್ನಡಕ್ಕೇ. 2011ರಲ್ಲಿ ಗಣತಿದಾರರು ಮಾತೃಭಾಷೆಯನ್ನೂ, ಅದಲ್ಲದೆ ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳಿ ಬರೆದುಕೊಂಡಿದ್ದರು. ಭಾಷಾ ಅಲ್ಪಸಂಖ್ಯಾತರಿಗೆ ಸಿಗುವ ಸವಲತ್ತುಗಳ ಲೆಕ್ಕಾಚಾರ ನಿಂತಿರುವುದು ಇಂಥ ಅಂಕಿಗಳ ಮೇಲೆ. ಚೀಲ ಹಿಡಿದವರೆಲ್ಲ ಸೋಪು ಮಾರುವವರೆಂದು ಒಳಗೇ ಕೂತರೆ, ಪಕ್ಕದ ಮನೆಯವರು ಬಾಯಂದಾಜಿನಲ್ಲಿ ಹೇಳಿದ್ದೇ ದಾಖಲೆಯಾದೀತು.

ಇನ್ನು ಮೋಸಗಾರರು. ‘ಗ್ಯಾಸ್ ಚೆಕ್ ಮಾಡ್ಲಿಕ್ಕೆ ಬಂದದ್ದು’ ಎಂದು ಅಡುಗೆಮನೆಗೇ ನುಗ್ಗುವವರು, ಟ್ಯೂಬು ಬದಲಿಸಲೇಬೇಕೆಂದು ಹೆದರಿಸಿ ದುಡ್ಡು ಕೀಳುವವರು ಎಲ್ಲ ಕಡೆಯೂ ಇದ್ದಾರೆ. ಅಡುಗೆ ಅನಿಲದ ಕಡ್ಡಾಯ ತಪಾಸಣೆ ಇರುವುದು ಐದು ವರ್ಷಕ್ಕೊಮ್ಮೆ. ಬಂದವನ ಗುರುತಿನ ಚೀಟಿ ನೋಡಿ, ಸಿಲಿಂಡರ್ ತರುವ ಏಜೆನ್ಸಿಗೆ ಒಂದು ಫೋನ್ ಮಾಡಿದರೆ ಬಣ್ಣ ಬಯಲಾಗುತ್ತದೆ. ತೊಂದರೆ ಏನೆಂದರೆ, ಭಾಷೆ ಬರುವುದಿಲ್ಲ ಎಂದು ಒಮ್ಮೆ ಹೇಳಿಬಿಟ್ಟ ಮೇಲೆ ಪ್ರಶ್ನೆ ಕೇಳುವ ದಾರಿಯೂ ಮುಚ್ಚಿಹೋಗುತ್ತದೆ. ಅವನು ಪಟಪಟನೆ ಮಾತಾಡುತ್ತಾ ರಸೀದಿ ಹರಿಯುತ್ತಾನೆ, ಈಕೆ ತಲೆಯಾಡಿಸುತ್ತಾ ನಿಲ್ಲಬೇಕಾಗುತ್ತದೆ. ಅದರ ಬದಲು ಬಲ್ಲ ಮಲಯಾಳವನ್ನೆಲ್ಲ ಹೊರತೆಗೆದು, ಯಾವ ಕಂಪನಿ, ಯಾರು ಕಳಿಸಿದ್ದು, ಕಾರ್ಡು ಎಲ್ಲಿ ಎಂದು ವಿಚಾರಿಸಿದರೆ ಅರ್ಧ ಜನ ಗೇಟಿನಿಂದಲೇ ವಾಪಸಾಗುತ್ತಾರೆ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟ ನಿಯಮಗಳ ಪ್ರಕಾರ, ಅಂಥ ಕಂಪನಿಗಳ ಮಾರಾಟಗಾರರು ಗುರುತಿನ ಚೀಟಿಯಿಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಗೇಟಿಗೆ ‘ನಾಯಿ ಇದೆ’ ಎಂದು ಎರಡು ಲಿಪಿಯಲ್ಲಿ ಬರೆಸಿದವರೂ (ನಾಯಿ ಇರುವುದಿಲ್ಲ, ಅದು ಬೇರೆ ಮಾತು) ಈ ನಿಯಮ ಕೇಳಿರುವುದು ಕಡಿಮೆ.

ಸಾಲ ವಸೂಲಿಗೆ ಬಂದವರನ್ನು ಮಾತ್ರ ಬೋರ್ಡೂ ತಡೆಯದು, ನೆಪವೂ ತಡೆಯದು. ಮೈಕ್ರೋ ಫೈನಾನ್ಸ್ ಕಾಟ ಹೆಚ್ಚಿದಾಗ ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ ಎಂದಿತು. ಆ ಕಾನೂನಿನ ಕೈ ತಲಪಾಡಿಯವರೆಗೆ ಮಾತ್ರ. ಅಲ್ಲಿಂದ ಈಚೆ, ಮಂಜೇಶ್ವರ, ಉಪ್ಪಳದ ಮನೆಗಳಿಗೆ ಆಸರೆಯಾಗುವುದು ಎರಡೂ ರಾಜ್ಯಗಳಿಗೆ ಅನ್ವಯಿಸುವ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮಗಳು. ಕಂತು ಕಟ್ಟುವುದು ಇಬ್ಬರೂ ಒಪ್ಪಿ ಗೊತ್ತು ಮಾಡಿದ ಜಾಗದಲ್ಲಿ. ಸಾಲಗಾರರು ಸತತವಾಗಿ ಎರಡು ಸಲವಾದರೂ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ. ಸಾಲದ ಕಾರ್ಡು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದೂ ಅದರಲ್ಲೇ ಇದೆ. ಹಾಗಾಗಿ ಕಾಸರಗೋಡಿನ ಕಚೇರಿಯಿಂದ ಸಾಲ ಎತ್ತುವ ಪೈವಳಿಕೆಯ ಹೆಂಗಸು ಕನ್ನಡದ ಕಾರ್ಡನ್ನೇ ಕೇಳಬಹುದು. ಅದನ್ನು ಕೇಳಬೇಕಾದದ್ದು ಸಹಿ ಹಾಕುವ ಮೊದಲು. ವಸೂಲಿಯವನು ಸಿಟೌಟಿನಲ್ಲಿ ಕುರ್ಚಿ ಎಳೆದು ಕೂತ ಮೇಲೆ ಕೇಳಿದರೆ ಅವನಿಗೂ ಆಗ ಕನ್ನಡ ಬರುವುದಿಲ್ಲ.