ಭಾವಚಿತ್ರಗಳ ಮನೆಯಲ್ಲಿ ಒಂದು ಮಧ್ಯಾಹ್ನ

ವಾಷಿಂಗ್ಟನ್ನಿಗೆ ಹೋದವರು ಶ್ವೇತಭವನ ನೋಡದೆ ಬರುವುದಿಲ್ಲ. ಆದರೆ 2019ರಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ನನ್ನ ಮನಸ್ಸಿನಲ್ಲಿ ನಿಂತದ್ದು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ. ಬರೀ ಭಾವಚಿತ್ರಗಳದ್ದೇ ಒಂದು ದೊಡ್ಡ ಮನೆ ಅನ್ನಿ! ಗ್ಯಾಲರಿ ಪ್ಲೇಸ್ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಇದೆ. ಹನ್ನೊಂದೂವರೆಗೆ ತೆರೆಯುತ್ತದೆ, ಟಿಕೆಟ್ಟಿಲ್ಲ.

ಅಧ್ಯಕ್ಷರ ಸಾಲಿನಲ್ಲಿ ಕೋಟುಗಳನ್ನೂ ಗಂಭೀರ ಮುಖಗಳನ್ನೂ ನೋಡಿ ಸಾಕಾಗುವ ಹೊತ್ತಿಗೆ ಇದ್ದಕ್ಕಿದ್ದಂತೆ ಹಸಿರೋ ಹಸಿರು. ಬರಾಕ್ ಒಬಾಮಾ ಎಲೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬರೆದವರು ಕೆಹಿಂಡೆ ವೈಲಿ. ಸೇವಂತಿಗೆ ಷಿಕಾಗೋ ನಗರದ ಹೂವಂತೆ. ಮಲ್ಲಿಗೆ ಅವರು ಹುಟ್ಟಿದ ಹವಾಯಿಗೆ, ನೀಲಿ ಲಿಲ್ಲಿ ತಂದೆಯ ನಾಡು ಕೀನ್ಯಾಕ್ಕೆ. ನಾವು ಮುಡಿಯುವ ಹೂಗಳು ಅಲ್ಲಿ ಒಬ್ಬರ ಜಾತಕವನ್ನೇ ಹೇಳುತ್ತಿವೆ ನೋಡಿ!

ಮಿಶೆಲ್ ಒಬಾಮಾ ಅವರ ಚಿತ್ರ ಬೇರೆ ಕಡೆ ಇತ್ತು. ಬರೆದಾಕೆ ಎಮಿ ಶೆರಾಲ್ಡ್. ಮೂವತ್ತು ದಾಟಿದ ಮೇಲೂ ಹೋಟೆಲಿನಲ್ಲಿ ಬಡಿಸುತ್ತಾ ಚಿತ್ರ ಬರೆದವರು, 2012ರಲ್ಲಿ ಬೇರೆಯವರ ಹೃದಯ ಜೋಡಿಸಿಕೊಂಡು ಬದುಕಿದವರು. ಎರಡೂ ಚಿತ್ರಗಳ ಅನಾವರಣವಾದದ್ದು 2018ರ ಫೆಬ್ರವರಿಯಲ್ಲಿ. ಅಧ್ಯಕ್ಷ ದಂಪತಿಯ ಚಿತ್ರಕ್ಕೆ ಆ ಗ್ಯಾಲರಿ ಕಪ್ಪು ಜನಾಂಗದ ಕಲಾವಿದರನ್ನು ಕೇಳಿದ್ದು ಅದೇ ಮೊದಲು. (2021ರಲ್ಲಿ ಇವೆರಡೂ ಊರೂರು ಸುತ್ತಲು ಹೊರಟಿದ್ದವು. ಹೋಗುವವರು ಎಲ್ಲಿವೆ ಅಂತ ಬಾಗಿಲಲ್ಲೇ ಕೇಳಿಕೊಳ್ಳಿ.)

ಮಿಶೆಲ್ ಉಟ್ಟ ಅಗಲ ಗೌನಿನ ತುಂಬ ಬಣ್ಣದ ಪಟ್ಟೆಗಳು. ಅದನ್ನು ಕಂಡು ಶೆರಾಲ್ಡ್‌ಗೆ ನೆನಪಾದದ್ದು ಅಲಬಾಮಾದ ಜೀಸ್ ಬೆಂಡ್ ಹಳ್ಳಿಯ ಕೌದಿಗಳು. ಗುಲಾಮರಾಗಿದ್ದವರ ಸಂತತಿಯ ಹೆಂಗಸರು ಸವೆದ ಬಟ್ಟೆಗಳಿಂದ ಹೊಲಿದವು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರೂ ಹೀಗೇ ಕೌದಿ ಹೊಲಿಯುತ್ತಾರೆ. ಅವರ ಹಿರಿಯರೂ ಆಫ್ರಿಕಾದವರೇ ಅಲ್ವೇ?

ಆದರೆ ಮಿಶೆಲ್ ಅವರ ಮುಖ, ತೋಳು ಎಲ್ಲ ಬೂದು! "ಬಣ್ಣ ಸಾಲದೆ ಹೋಯಿತೇನೋ" ಅಂದರು ಭಾವ. ಶೆರಾಲ್ಡ್ ಎಲ್ಲರನ್ನೂ ಬರೆಯುವುದೇ ಹಾಗೆ, ಹಳೆಯ ಕಪ್ಪು-ಬಿಳುಪು ಫೋಟೋಗಳಂತೆ. ನೋಡುವವರು ಮೈಬಣ್ಣದಲ್ಲೇ ನಿಂತುಬಿಡದೆ ಆ ಮನುಷ್ಯರನ್ನು ನೋಡಲಿ ಅಂತ. "ಇದ್ದ ಬಣ್ಣವನ್ನೇ ಬರೆದರೆ ಏನಂತೆ?" ಅಂದಳು ಅಕ್ಕ. ಅದೂ ನ್ಯಾಯವೇ. ವೈಲಿ ಆ ಕಂದುಬಣ್ಣವನ್ನು ಹೊಳೆಯುವಂತೆ ಬರೆದಿದ್ದಾರಲ್ಲ!

ನಾನೂ ಕಪ್ಪೇ. ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದ ಫೋಟೋದಲ್ಲಿ ಅಮ್ಮ ಸ್ಟುಡಿಯೋದವರಿಗೆ ಹೇಳಿ ನನ್ನ ಮುಖವನ್ನು ಬೆಳ್ಳಗೆ ತಿದ್ದಿಸಿದ್ದಳು. ಆ ಹುಡುಗಿ ಯಾರೋ, ನನಗೆ ಇವತ್ತಿಗೂ ಗುರುತು ಸಿಗುವುದಿಲ್ಲ. ಮಿಶೆಲ್ ಗಲ್ಲಕ್ಕೆ ಕೈ ಕೊಟ್ಟು, ನೋಡುವವರನ್ನೇ ನೋಡುತ್ತಾ ಕೂತಿದ್ದರು. "ಏಳೇ, ಹಸಿವಾಗ್ತಿದೆ" ಅಂತ ಅಕ್ಕ ಎರಡು ಸಲ ಕರೆದಳು.