ಉಪ್ಪು ಹಾಕಿದ್ದು ಯಾರು?

ಸಿನಿಮಾ ಗ್ರಾಫಿಕ್ಸ್‌ನಲ್ಲಿ ಕೆಲಸ ಅಂದ ತಕ್ಷಣ ಜನ ಕೇಳೋ ಮೊದಲ ಪ್ರಶ್ನೆ, ‘ಹಾಗಾದ್ರೆ ಡ್ರ್ಯಾಗನ್ ಎಲ್ಲಾ ನೀವೇ ಮಾಡ್ತೀರಾ?’ ಅಂತ. ಇಲ್ಲ ಸ್ವಾಮಿ, ಡ್ರ್ಯಾಗನ್ ಮಾಡೋರು ಬೇರೆ. ಅದಕ್ಕೆ ಬಣ್ಣ ಬಳಿಯೋರು ಬೇರೆ, ಹಾರಿಸೋರು ಬೇರೆ, ಮೈಮೇಲೆ ಬೆಳಕು ಬಿಡೋರು ಬೇರೆ. ಕ್ಯಾಮೆರಾದಲ್ಲಿ ತೆಗೆದ ಆಕಾಶ, ಕಂಪ್ಯೂಟರಿನಲ್ಲಿ ಹುಟ್ಟಿದ ಪ್ರಾಣಿ, ಒಬ್ಬರು ಕೊಟ್ಟ ಹೊಗೆ, ಇನ್ನೊಬ್ಬರು ಕೊಟ್ಟ ಧೂಳು, ಇದೆಲ್ಲವನ್ನೂ ಒಂದರ ಮೇಲೊಂದು ಕೂರಿಸಿ, ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ತೆಗೆದ ಚಿತ್ರ ಅನ್ನಿಸೋ ಹಾಗೆ ಮಾಡೋನು ನಾನು. ಇದಕ್ಕೆ ಕಾಂಪೋಸಿಟಿಂಗ್ ಅಂತಾರೆ. ಅಡುಗೆಮನೆ ಲೆಕ್ಕದಲ್ಲಿ ಹೇಳೋದಾದ್ರೆ ತರಕಾರಿ ತಂದವನೂ ಅಲ್ಲ, ಹೆಚ್ಚಿದವನೂ ಅಲ್ಲ, ಕೊನೆಗೆ ಒಗ್ಗರಣೆ ಕೊಟ್ಟು ಬಡಿಸೋನು.

ಬಡಿಸೋನ ಕಷ್ಟ ಏನು ಗೊತ್ತಾ? ಸಾರು ಕೆಟ್ಟಿದ್ರೆ ಎಲೆ ಮುಂದೆ ಕೂತೋರು ಬೈಯೋದು ಅವನನ್ನೇ.

ನಮಗೆ ಬರೋ ದೂರುಗಳು ಹೆಚ್ಚುಕಮ್ಮಿ ಇವೇ. ‘ಅಂಚು ಕಪ್ಪಗಿದೆ.’ ‘ಕೂದಲು ಹಸಿರು ಹೊಡೀತಿದೆ.’ ‘ಅಂಟಿಸಿದ ಹಾಗಿದೆ.’ ‘ಎಲ್ಲೋ ಒಂದು ಕಡೆ ಜರ್ಕ್ ಹೊಡೀತು.’ ಹೇಳೋರು ಕಂಡದ್ದನ್ನ ಹೇಳ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಇಷ್ಟು ವರ್ಷ ಈ ಕುರ್ಚಿ ಸವೆಸಿ ನನಗೆ ಗಟ್ಟಿಯಾಗಿರೋ ಮಾತು ಒಂದಿದೆ. ದೋಷ ಕಾಣೋ ಜಾಗ ಬೇರೆ, ಹುಟ್ಟಿದ ಜಾಗ ಬೇರೆ. ಕಂಡಲ್ಲೇ ತೇಪೆ ಹಾಕೋಕೆ ಹೋದ್ರೆ ಒಂದು ದೋಷ ಎರಡಾಗುತ್ತೆ. ಅಷ್ಟೇ ಆದ್ರೆ ಪರವಾಗಿಲ್ಲ, ಆ ಜಾಗದಲ್ಲಿ ಕೂತ ಮನುಷ್ಯರ ತಲೆಗೇ ಅದನ್ನ ಕಟ್ಟಿಬಿಡ್ತೀವಿ.

ಕಪ್ಪು ಅಂಚಿನ ಕಥೆಯನ್ನೇ ತಗೊಳ್ಳಿ. ಚಿತ್ರದ ಪ್ರತಿ ಚುಕ್ಕಿಗೂ, ಅಂದ್ರೆ ಪಿಕ್ಸೆಲ್‌ಗೂ, ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆಗಳು ಇರುತ್ತವೆ. ಆ ಚುಕ್ಕಿಯನ್ನು ವಸ್ತು ಎಷ್ಟು ಮುಚ್ಚಿದೆ ಅಂತ ಹೇಳೋದಕ್ಕೆ ನಮಗೆ ನಾಲ್ಕನೆಯ ಸಂಖ್ಯೆಯೊಂದು ಬೇಕು. ಅದೇ ಆಲ್ಫಾ. ಪೂರ್ತಿ ಮುಚ್ಚಿದ್ರೆ 1, ಏನೂ ಇಲ್ಲದಿದ್ರೆ 0. ಕೂದಲ ಎಳೆಯೋ ಗರಿಯ ತುದಿಯೋ ಅರ್ಧ ಚುಕ್ಕಿಯನ್ನಷ್ಟೇ ಮುಚ್ಚಿದ್ರೆ 0.5. ಈ ನಾಲ್ಕನೆಯ ಚಾನೆಲ್ಲನ್ನು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಹುಟ್ಟುಹಾಕಿದರು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದು ಪ್ರಬಂಧ ಬರೆದು, ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸಲೀಸು ಅಂತ ತೋರಿಸಿದರು. ಹಾಗೆ ಗುಣಿಸಿಟ್ಟದ್ದು ಪ್ರೀಮಲ್ಟಿಪ್ಲೈಡ್. ಗುಣಿಸದೆ ಇಟ್ಟದ್ದು ಸ್ಟ್ರೇಟ್. ಎರಡೂ ಸರಿಯೇ, ಇವತ್ತಿಗೂ ಎರಡೂ ಬಳಕೆಯಲ್ಲಿವೆ. ತೊಂದರೆ ಇರೋದು ಯಾವುದು ಯಾವುದು ಅಂತ ತಿಳಿಯದೇ ಇದ್ದಾಗ.

ಸಾರಿಗೆ ಉಪ್ಪು ಹಾಕಿದ ಹಾಗೆ ಅಂತ ಇಟ್ಟುಕೊಳ್ಳಿ. ಅತ್ತೆ ಉಪ್ಪು ಹಾಕಿ, ಪಾತ್ರೆ ಇಳಿಸಿ, ದೇವಸ್ಥಾನಕ್ಕೆ ಹೋದ್ರು. ಸೊಸೆ ಬಂದವಳು ಇನ್ನೂ ಉಪ್ಪು ಬಿದ್ದಿಲ್ಲ ಅಂದುಕೊಂಡು ತಾನೂ ಹಾಕಿದ್ಲು. ಇಬ್ಬರೂ ಹಾಕಿದ್ದು ಹದವಾಗೇ. ಆದ್ರೆ ಊಟಕ್ಕೆ ಕೂತೋರಿಗೆ ಸಾರು ಬಾಯಿಗಿಡೋಕೆ ಆಗಲ್ಲ.

ಸಂಖ್ಯೆಯಲ್ಲೂ ನೋಡಿಬಿಡಿ, ಏಳನೇ ಕ್ಲಾಸಿನ ಲೆಕ್ಕ ಸಾಕು. ಬಿಳಿ ಗರಿಯ ಬಣ್ಣ 0.8. ಅಂಚಿನಲ್ಲಿ ಆಲ್ಫಾ 0.5. ಒಂದು ಸಲ ಗುಣಿಸಿದ್ರೆ 0.4. ಹಿಂದಿನ ಆಕಾಶವೂ 0.8 ಅನ್ನಿ, ಅದರ ಅರ್ಧ 0.4 ಸೇರುತ್ತೆ. ಒಟ್ಟು 0.8, ಅಂಚು ಕಾಣೋದೇ ಇಲ್ಲ. ಎರಡು ಸಲ ಗುಣಿಸಿದ್ರೆ ಗರಿಯ ಪಾಲು 0.2ಕ್ಕೆ ಇಳಿಯುತ್ತೆ, ಒಟ್ಟು 0.6. ಹಕ್ಕಿಯ ಸುತ್ತ ಕಾಡಿಗೆ ಬಳಿದ ಹಾಗೆ ಗೆರೆ. ಒಂದು ಸಲವೂ ಗುಣಿಸದಿದ್ರೆ 1.2, ಆಗ ಬೆಳ್ಳಗೆ ಮಿಂಚೋ ಗೆರೆ.

ಈ ಲೆಕ್ಕ ಯಾಕೆ ಬಿಡಿಸಿ ಹೇಳಿದೆ ಅಂದ್ರೆ, ಇದೇ ಲೆಕ್ಕಕ್ಕೆ ಒಬ್ಬಳ ಕೆಲಸ ಹೋಗೋದರಲ್ಲಿತ್ತು.

ಬೆಂಗಳೂರಿನ ಒಂದು ಸ್ಟುಡಿಯೋ, ಹೆಸರು ಬೇಡ. ಪೌರಾಣಿಕ ಸಿನಿಮಾ, ಸಂಜೆ ಆಕಾಶದಲ್ಲಿ ಬಿಳಿ ಎದೆಯ ಗರುಡ ಹಾರಬೇಕು. ಶಾಟ್ ಕೈಗೆ ಬಂದದ್ದು ದಾವಣಗೆರೆ ಕಡೆಯ ಹುಡುಗಿಗೆ. ಸೇರಿ ಎಂಟು ತಿಂಗಳಾಗಿತ್ತು. ಅಪ್ಪ ಸಾಲ ಮಾಡಿ ಕೋರ್ಸಿಗೆ ಸೇರಿಸಿದ್ರು, ಪೀಜಿ ಬಾಡಿಗೆ ಕಳೆದು ಉಳಿದದ್ದು ಆ ಸಾಲಕ್ಕೆ ಹೋಗ್ತಿತ್ತು. ಗರುಡನ ಸುತ್ತ ಕಪ್ಪು ಗೆರೆ ಬಂತು. ಸೂಪರ್‌ವೈಸರ್ ನೋಡಿ, ‘ಏನಮ್ಮಾ ಇದು? ಅಂಚನ್ನ ಒಂದೆರಡು ಪಿಕ್ಸೆಲ್ ಒಳಗೆ ತಳ್ಳು’ ಅಂದ್ರು. ತಳ್ಳಿದ್ಲು. ಗೆರೆ ಕಡಿಮೆಯಾಯ್ತು, ಅದರ ಜೊತೆಗೆ ಗರಿಯ ಸಣ್ಣ ತುದಿಗಳೂ ಹೋದವು. ನಿರ್ದೇಶಕರು, ‘ಇದೇನ್ರೀ, ಗರುಡನಿಗೆ ಕ್ಷೌರ ಮಾಡ್ಸಿದ್ದೀರಾ?’ ಅಂದ್ರು. ಆಮೇಲೆ ಅಂಚಿಗೆ ಮಸುಕು ಹಾಕಿಸಿದ್ರು. ಅದರ ಮೇಲೆ ಆಕಾಶದ ಬೆಳಕು ಸವರಿಸಿದ್ರು. ನಾಲ್ಕನೇ ಸಲಕ್ಕೆ ಹಕ್ಕಿ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕಾಣ್ತಿತ್ತು. ಅಷ್ಟರಲ್ಲಿ ಮೇಲಿನ ಮಹಡಿಯ ಆಫೀಸಿಗೆ ಒಂದು ಮಾತು ಹೋಗಿಬಿಟ್ಟಿತ್ತು: ‘ಆ ಹುಡುಗಿಗೆ ಕೆಲಸ ಬರಲ್ಲ.’ ತಿಂಗಳ ಕೊನೆಗೆ ಅವಳ ಕಾಂಟ್ರ್ಯಾಕ್ಟ್ ಮುಗೀತಿತ್ತು.

ರಾತ್ರಿ ಹತ್ತೂವರೆಗೆ ಅವಳ ಪಕ್ಕ ಕುರ್ಚಿ ಎಳೆದುಕೊಂಡೆ. ‘ಸರ್, ಅಂಚಿಗೆ ನಾನು ಏನೂ ಮಾಡೇ ಇರಲಿಲ್ಲ ಸರ್. ಮೊದಲಿಂದಾನೇ ಹಾಗಿತ್ತು’ ಅಂದ್ಲು. ‘ಮೊದಲು ಅಂದ್ರೆ ಎಲ್ಲಿಂದ ಅಂತ ನೋಡೋಣ ಬಾ’ ಅಂದೆ. ಮಸುಕು, ಬೆಳಕು, ಬಣ್ಣ, ಎಲ್ಲ ಆಫ್. ಆಕಾಶವನ್ನೂ ತೆಗೆದು ಹಿಂದೆ ಬರಿಯ ಬೂದು ಬಣ್ಣ ಇಟ್ಟೆವು. ಗರುಡನ ಎದೆಯ ಅಂಚಿನಲ್ಲಿ ಆಲ್ಫಾ 0.5 ಇರೋ ಒಂದು ಚುಕ್ಕಿ ಹುಡುಕಿ, ಫೈಲಿನಿಂದ ಬಂದ ಹಾಗೇ ಅದರ ಸಂಖ್ಯೆ ಓದಿದೆವು. ಒಳಗಿನ ಬಿಳಿ 0.8, ಅಂಚು 0.4. ಅಂದ್ರೆ ಉಪ್ಪು ಬಿದ್ದಾಗಿದೆ. ಒಂದೊಂದೇ ನೋಡ್ ಕೆಳಗೆ ಇಳಿದೆವು. ಮೊದಲನೆಯದರಲ್ಲಿ 0.4. ಎರಡನೆಯದರಲ್ಲಿ 0.4. ಮೂರನೆಯದರಲ್ಲಿ 0.2.

ಆ ಮೂರನೆಯ ನೋಡ್ ಅವಳು ಹಾಕಿದ್ದಲ್ಲ, ಎಲ್ಲರಿಗೂ ಕೊಡೋ ಟೆಂಪ್ಲೇಟಿನಲ್ಲೇ ಇತ್ತು. ಸಿನಿಮಾದ ಮೊದಲ ಭಾಗದ ಹಕ್ಕಿಗಳು ಹೊರಗಿನ ಕಂಪನಿಯಿಂದ ಬಂದಿದ್ದವು, ಸ್ಟ್ರೇಟ್ ಆಗಿ. ಅದಕ್ಕೆ ತಕ್ಕಂತೆ ಒಬ್ಬರು ಗುಣಿಸೋ ನೋಡ್ ಇಟ್ಟು ಟೆಂಪ್ಲೇಟ್ ಮಾಡಿದ್ರು. ಸರಿಯಾಗೇ ಮಾಡಿದ್ರು. ನಡುವೆ ಆ ಕೆಲಸ ನಮ್ಮ ರೆಂಡರ್ ವಿಭಾಗಕ್ಕೇ ಬಂತು. ಅವರು ಎಲ್ಲ ರೆಂಡರ್‌ಗಳ ಹಾಗೆ ಗುಣಿಸಿಯೇ ಕೊಟ್ಟರು. ಅವರೂ ಸರಿಯೇ. ಬದಲಾದ ಸಂಗತಿಯನ್ನ ಒಬ್ಬರು ಇನ್ನೊಬ್ಬರಿಗೆ ಹೇಳಿರಲಿಲ್ಲ, ಅಷ್ಟೇ. ಅವಳು ಆ ನೋಡ್ ಅಳಿಸಿದ್ಲು. ಗೆರೆ ಹೋಯ್ತು, ಗರಿಗಳೆಲ್ಲ ವಾಪಸ್ ಬಂದವು. ಪರದೆ ನೋಡ್ತಾ ಸುಮ್ಮನೆ ಕೂತಿದ್ಲು. ಆಮೇಲೆ, ‘ಇಷ್ಟೇನಾ ಸರ್?’ ಅಂದ್ಲು. ಖುಷಿ ಇರಲಿಲ್ಲ ಆ ದನಿಯಲ್ಲಿ.

ಬೆಳಿಗ್ಗೆ ಸೂಪರ್‌ವೈಸರಿಗೆ ತೋರಿಸಿದೆ. ‘ಸರಿಹೋಯ್ತಲ್ಲ, ಬಿಡಿ ಇನ್ನು’ ಅಂದ್ರು. ಶಾಟ್ ಸರಿಹೋಯ್ತು ಸರ್, ಮೇಲೆ ಹೋಗಿರೋ ಮಾತು ಸರಿಹೋಗಿಲ್ಲವಲ್ಲ ಅಂದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನೋಡ್ ಅಳಿಸಿದ ಹಾಗೆ ಅಳಿಸೋಕೆ ಬರಲ್ಲ ಅದು. ಅವರು ಕೆಟ್ಟವರೇನಲ್ಲ, ದಿನಾ ನಿರ್ಮಾಪಕರ ಫೋನು ಅವರ ತಲೆ ತಿಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮೇಲೆ ಹೋಗಿ ಬಂದ್ರು. ಅಲ್ಲಿ ಏನು ಹೇಳಿದ್ರೋ ನಾನು ಕೇಳಲಿಲ್ಲ. ಕಾಂಟ್ರ್ಯಾಕ್ಟ್ ಮುಂದುವರಿಯಿತು, ಉಳಿದವರಿಗೆ ಒಂದು ವರ್ಷ, ಅವಳಿಗೆ ಮೂರು ತಿಂಗಳು. ಆ ಮೂರು ತಿಂಗಳು ಮುಗಿಯೋ ಮೊದಲೇ ಅವಳು ಹೈದರಾಬಾದಿನಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದ್ಲು. ಒಳ್ಳೆಯ ಕೈ, ನಾವು ಕಳಕೊಂಡೆವು.

ಇದು ಅಂಚಿಗೆ ಮಾತ್ರ ಸೀಮಿತ ಅಲ್ಲ ಕಣ್ರೀ. ‘ಹೊಗೆ ಕೊಳಕಾಗಿದೆ, ಬೆಳಕಿನ ಸುತ್ತ ಮಸಿ ಮಸಿ’ ಅಂತ ದೂರು ಬರುತ್ತೆ. ಹೊಗೆ ಮಾಡಿದವನು ಪಾಪ ನಿರಪರಾಧಿ. ಬೆಳಕನ್ನ ಕೂಡಿಸಿದ ರೀತಿಯಲ್ಲಿ ತೊಂದರೆ ಇರುತ್ತೆ. ಮಾನಿಟರಿಗೆ ಕಳಿಸೋ ಸಂಖ್ಯೆಗಳು ನಿಜವಾದ ಬೆಳಕಿನ ಅಳತೆ ಅಲ್ಲ, ಕಣ್ಣಿಗೆ ಹೊಂದೋ ಹಾಗೆ ಬಗ್ಗಿಸಿದ ಸಂಖ್ಯೆಗಳು. 0ಯಿಂದ 255ರ ಮಾಪಕದಲ್ಲಿ ಕಪ್ಪು ಬಿಳುಪಿನ ನಡುವಿನ ಅರ್ಧ ಬೆಳಕು 128 ಅಂದುಕೊಳ್ತೀವಿ. ಮಾಮೂಲಿ ಕಂಪ್ಯೂಟರ್ ಪರದೆಯಲ್ಲಿ ಅದು ಬರೋದು 188ರ ಹತ್ತಿರ. ಹಾಗಾಗಿ ಬಗ್ಗಿದ ಸಂಖ್ಯೆಗಳನ್ನೇ ಕೂಡಿಸಿ ಭಾಗಿಸಿದ್ರೆ ಎಲ್ಲ ಮಬ್ಬಾಗುತ್ತೆ. ಮೊದಲು ನೇರ ಮಾಡಿ, ಆಮೇಲೆ ಬೆರೆಸಿ, ಕೊನೆಗೆ ಬಗ್ಗಿಸಬೇಕು.

ಆಳ ತಿಳಿಸೋ ಡೆಪ್ತ್ ಚಿತ್ರ ಅಂತ ಒಂದಿದೆ. ಅದರಲ್ಲಿ ಹೀರೋ ಹತ್ತು ಅಡಿ ದೂರ, ಹಿಂದಿನ ಬೆಟ್ಟ ಸಾವಿರ ಅಡಿ ದೂರ. ಅಂಚು ನಯವಾಗಲಿ ಅಂತ ಎರಡನ್ನೂ ಸರಾಸರಿ ಮಾಡಿಬಿಟ್ರೆ, ಆ ಚುಕ್ಕಿ ಐನೂರ ಐದು ಅಡಿ ದೂರದಲ್ಲಿ, ಯಾರೂ ಇಲ್ಲದ ಬಯಲಿನಲ್ಲಿ ನಿಂತುಬಿಡುತ್ತೆ. ಮಂಜು ಹಾಕಿದಾಗ ಹೀರೋ ಸುತ್ತ ಪ್ರಭಾವಳಿ! ‘ಜರ್ಕ್’ ಅನ್ನೋದೂ ಹಾಗೇ. ಒಂದು ಕಡೆ ಸೆಕೆಂಡಿಗೆ 24 ಫ್ರೇಮು, ಇನ್ನೊಂದು ಕಡೆ 23.976 ಅಂತ ಇಟ್ಟಿರುತ್ತಾರೆ. ಮೊದಲ ನಲವತ್ತು ಸೆಕೆಂಡು ಎಲ್ಲ ಚೆನ್ನಾಗೇ ಇರುತ್ತೆ. ಸಾವಿರ ಫ್ರೇಮಿಗೆ ಒಂದು ಫ್ರೇಮು ಜಾರುತ್ತೆ. ಕೂದಲಿನ ಹಸಿರಂತೂ ಹುಟ್ಟೋದು ಶೂಟಿಂಗ್ ಜಾಗದಲ್ಲಿ. ಗ್ರೀನ್ ಮ್ಯಾಟ್‌ಗೆ ಅಂಟಿಕೊಂಡು ನಿಲ್ಲಿಸಿದ್ರೆ ಆ ಬಟ್ಟೆಯ ಹಸಿರು ಬೆಳಕು ಹೆಗಲಿಗೂ ಕೂದಲಿಗೂ ಬಡಿಯುತ್ತೆ. ಸಾಲದ್ದಕ್ಕೆ, ಜಾಗ ಉಳಿಸೋಕೆ ಅಂತ 4:2:0 ಲೆಕ್ಕದಲ್ಲಿ ರೆಕಾರ್ಡ್ ಮಾಡಿದ್ರೆ ನಾಲ್ಕು ಚುಕ್ಕಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಸಿಗುತ್ತೆ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರದೆ ಇನ್ನೇನು? ಇದನ್ನೆಲ್ಲ ತಿಂಗಳ ಮೇಲೆ ಏಸಿ ರೂಮಿನಲ್ಲಿ ಕೂತ ಹುಡುಗರು ಸರಿಮಾಡಬೇಕು.

ಹಿಂದೆ ಹೀಗಿರಲಿಲ್ಲ. 1978ರ ‘ಶಂಕರ್ ಗುರು’ವಿನಲ್ಲಿ ರಾಜ್‌ಕುಮಾರ್ ಅವರದು ಮೂರು ಪಾತ್ರ. ಒಂದೇ ಮುಖ ಎರಡು ಕಡೆ ಕಾಣಬೇಕಾದಾಗ ಫಿಲ್ಮಿನ ಕಾಲದಲ್ಲಿ ಬಳಸ್ತಿದ್ದ ಒಂದು ಉಪಾಯ, ಲೆನ್ಸಿನ ಅರ್ಧ ಭಾಗ ಮುಚ್ಚಿ ತೆಗೆಯೋದು, ಅದೇ ಫಿಲ್ಮನ್ನ ಹಿಂದಕ್ಕೆ ಸುತ್ತಿ ಉಳಿದರ್ಧ ತೆಗೆಯೋದು. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ಬೆಳಕು ಬದಲಾಗಬಾರದು. ಕಷ್ಟದ ಕೆಲಸವೇ. ಆದರೆ ಎರಡೂ ಸಲ ಉಪ್ಪು ಹಾಕೋ ಕೈ ಒಂದೇ, ಎಷ್ಟು ಹಾಕಿದೆ ಅಂತ ಆ ಕೈಗೆ ಗೊತ್ತಿತ್ತು. ಈಗ ಒಂದು ಶಾಟ್ ನಾಲ್ಕು ಊರು ಸುತ್ತಿ, ಇಪ್ಪತ್ತು ಕೈ ದಾಟಿ ಬರುತ್ತೆ. ಕೈ ಜಾಸ್ತಿಯಾದಷ್ಟೂ ಹೇಳಿ ಕೊಡೋದು ಜಾಸ್ತಿಯಾಗಬೇಕಿತ್ತು, ಅದೇ ಕಡಿಮೆಯಾಗಿದೆ.

ಹೊಸದಾಗಿ ಸೇರೋರಿಗೆ ನಾನು ಹೇಳೋದು ಇಷ್ಟೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ. ಹತ್ತು ಗಂಟೆ ಪರದೆ ನೋಡಿದ ಕಣ್ಣನ್ನ ನಂಬಬೇಡಿ, ಸಂಖ್ಯೆ ಓದಿ. ನಲವತ್ತು ನೋಡ್ ಇದ್ರೆ ಮೊದಲಿಂದ ಎಲ್ಲ ನೋಡ್ತಾ ಕೂರಬೇಡಿ, ಇಪ್ಪತ್ತನೆಯದಕ್ಕೆ ಹೋಗಿ. ಅಲ್ಲೇ ಕೆಟ್ಟಿದ್ರೆ ತೊಂದರೆ ಮೇಲಿದೆ, ಇಲ್ಲದಿದ್ರೆ ಕೆಳಗಿದೆ. ಮತ್ತೆ ಅರ್ಧ ಮಾಡಿ. ಆರು ಸಲ ನೋಡೋದರೊಳಗೆ ಕಳ್ಳ ಸಿಕ್ಕಿಬೀಳ್ತಾನೆ. ಸಿಕ್ಕ ಮೇಲೆ ‘ಯಾರು ಮಾಡಿದ್ದು’ ಅಂತ ಕೇಳೋ ಮೊದಲು ‘ಯಾಕೆ ಹೀಗಿದೆ’ ಅಂತ ಕೇಳಿ. ಬಹಳ ಸಲ ಆ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಮೊದಲನೇ ಪ್ರಶ್ನೆಯ ಅಗತ್ಯವೇ ಇರಲ್ಲ.

ಈಗ ನಾನಿರೋ ಜಾಗದಲ್ಲಿ ಪ್ರತಿ ಫೈಲಿನ ಪಕ್ಕದಲ್ಲೂ ಹಳದಿ ಬಣ್ಣದ ಚೀಟಿ ಅಂಟಿಸೋ ಪದ್ಧತಿ ಮಾಡಿದ್ದೀವಿ. ಸಾಫ್ಟ್‌ವೇರಿನಲ್ಲೇ ಆ ಸೌಲಭ್ಯ ಇದೆ. ಎಲ್ಲಿಂದ ಬಂತು, ಯಾವ ಬಣ್ಣದ ಲೆಕ್ಕ, ಸೆಕೆಂಡಿಗೆ ಎಷ್ಟು ಫ್ರೇಮು, ಎಲ್ಲ ಅದರಲ್ಲಿ. ಕೊನೆಯ ಸಾಲು ಮಾತ್ರ ಅಚ್ಚ ಕನ್ನಡದಲ್ಲಿ ಇರುತ್ತೆ: ‘ಉಪ್ಪು ಹಾಕಿದೆ’ ಅಥವಾ ‘ಉಪ್ಪು ಹಾಕಿಲ್ಲ’. ಮುಂಬೈಯಿಂದ ಬಂದಿರೋ ಹುಡುಗನೊಬ್ಬ ಕನ್ನಡದಲ್ಲಿ ಮೊದಲು ಓದೋಕೆ ಕಲಿತದ್ದೇ ಆ ಎರಡು ವಾಕ್ಯ.