ಕೆಟ್ಟು ನಿಂತ ಕಾರಿನ ಮುಂದೆ

ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಗೆ ಮೋಟಾರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಗೊಡವೆ ನನ್ನದಲ್ಲ, ನನ್ನ ತಂದೆಯವರದು. ತಿಪಟೂರಿನಿಂದ ಆಚೆ, ಶಿವಮೊಗ್ಗದ ಹೆದ್ದಾರಿಯ ಮಗ್ಗುಲಲ್ಲಿ, ತಗಡಿನ ಚಪ್ಪರವೊಂದರ ಕೆಳಗೆ ಅವರು ಮೂವತ್ತೈದು ವರ್ಷಗಳಿಂದ ಅಂಬಾಸಡರ್ ಕಾರುಗಳನ್ನು ರಿಪೇರಿ ಮಾಡುತ್ತ ಬಂದಿದ್ದಾರೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದ, ನಾನು ಸ್ಪ್ಯಾನರ್ ಮುಟ್ಟಕೂಡದೆಂದು ಅವರ ಕಟ್ಟಪ್ಪಣೆ. ನಿಂತು ನೋಡಕೂಡದೆಂದು ಮಾತ್ರ ಹೇಳಿಲ್ಲ.

ಕಳೆದ ಬೇಸಗೆಯ ಒಂದು ಮಧ್ಯಾಹ್ನ ಚಪ್ಪರಕ್ಕೆ ಒಂದು ಫರ್ಲಾಂಗ್ ಇರುವಾಗಲೇ ಕೆಂಪು ಬಣ್ಣದ, ಮಾಡಿಲ್ಲದ, ಇಬ್ಬರೇ ಕೂರುವ ಕಾರೊಂದು ಕೆಮ್ಮಿ, ಮುಗ್ಗರಿಸಿ, ನಿಂತುಬಿಟ್ಟಿತು. ಅದು ಎಂ.ಜಿ.ಎ. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1955ರಿಂದ 1962ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಒಂದು ಲಕ್ಷಕ್ಕೂ ಮಿಕ್ಕಿ ತಯಾರಾದವು; ಬಹುಪಾಲು ಹೊರದೇಶಗಳಿಗೇ ಹೋದುವು. ಅದರ ಒಡೆಯರು ಬೆಂಗಳೂರಿನವರು, ವಯಸ್ಸಾದವರು. ಹತ್ತು ಮೈಲಿ ಚೆನ್ನಾಗಿ ಓಡುತ್ತದೆ, ಕಾದ ಮೇಲೆ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ—ಇದು ರೋಗದ ಲಕ್ಷಣ. ಪಟ್ಟಣದ ದೊಡ್ಡ ವರ್ಕ್‌ಷಾಪೊಂದರಲ್ಲಿ ಪೆಟ್ರೋಲು ಕುದಿಯುತ್ತಿದೆಯೆಂದು ತೀರ್ಮಾನಿಸಿ, ಎರಡು ಸಲ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಕೊಳವೆಗೆ ಒದ್ದೆ ಬಟ್ಟೆ ಸುತ್ತಿ ಕಳುಹಿಸಿದ್ದರು. ಆ ಬಟ್ಟೆ ಒಣಗಿ ಹಾಗೆಯೇ ಇತ್ತು.

ವಿಲಾಯಿತಿ ಕಾರು ನಮ್ಮ ತಂದೆಯವರ ಕೈಗೆ ಒಗ್ಗದೆಂದು ನಾನು ಅಂದುಕೊಂಡೆ. ಅವರು ಬಾನೆಟ್ ಎತ್ತಿ ಒಂದು ಗಳಿಗೆ ನೋಡಿದರು, ಮರುಗಳಿಗೆ ನಕ್ಕರು. "ಇದು ನಮ್ಮದೇ ಅಲ್ಲವೇನೊ!" ಎಂದರು. ಮಾತು ದಿಟ. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಕಡೆಯವರು ಒಂದಾಗಿ ಬಿ.ಎಂ.ಸಿ. ಎಂಬ ಸಂಸ್ಥೆ ಹುಟ್ಟಿತಷ್ಟೆ. ಅದರ ಬಿ-ಸೀರೀಸ್ ಇಂಜಿನ್ನು ಎಂ.ಜಿ.ಎ.ಗೂ ಬಂತು, ಮಾರಿಸ್ ಆಕ್ಸ್‌ಫರ್ಡ್ ರೂಪದಿಂದ ಇಳಿದ ನಮ್ಮ ಅಂಬಾಸಡರಿಗೂ, ಹಳೆಯ ಸೈಡ್-ವಾಲ್ವ್ ಇಂಜಿನ್ನು ಹೋದ ಮೇಲೆ, ಬಂತು. ಎರಡರಲ್ಲಿಯೂ ಅದೇ 1,489 ಸಿ.ಸಿ. ಓಟದ ಕಾರಿಗೆ ಒಂದರ ಬದಲು ಎರಡು ಎಸ್.ಯು. ಕಾರ್ಬ್ಯುರೇಟರ್, ಸಂಪೀಡನ ಸ್ವಲ್ಪ ಹೆಚ್ಚು. ರಾಜಕುಮಾರನೂ ಬಾಡಿಗೆ ಟ್ಯಾಕ್ಸಿಯೂ ಒಡಹುಟ್ಟಿದವರೆಂಬುದನ್ನು ಆ ಒಡೆಯರೂ ಅಂದೇ ಕೇಳಿದ್ದೆಂದು ಕಾಣುತ್ತದೆ.

ಒಡೆಯರು ಕಾಫಿಗೆ ಹೊರಟರು. ತಂದೆಯವರು ಬಿಡಲಿಲ್ಲ. ರೋಗ ಮೈಮೇಲಿರುವಾಗಲೇ ನಾಡಿ ನೋಡಬೇಕು, ಬಿಸಿ ಆರಿದರೆ ಸಾಕ್ಷಿ ಹೋಯಿತು ಎಂದರು. ಕೀಲಿ ತಿರುಗಿಸಲು ಹೇಳಿ, ಕಾರಿನ ಹಿಂಭಾಗದ ಕಡೆ ಬಾಗಿ ಕಿವಿಗೊಟ್ಟರು. ಈ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನದು. ಕೀಲಿ ತಿರುಗಿದೊಡನೆ ಟಿಕ್ ಟಿಕ್ ಎಂದು ಬಡಿದು, ಕಾರ್ಬ್ಯುರೇಟರಿನ ಬಟ್ಟಲುಗಳು ತುಂಬಿದ ಮೇಲೆ ಸುಮ್ಮನಾಗುತ್ತದೆ. ಪೆಟ್ರೋಲು ಕುದಿದು ಬಟ್ಟಲು ಬರಿದಾಗಿದ್ದರೆ ಅದು ಬಿಡದೆ ಬಡಿದುಕೊಳ್ಳಬೇಕಿತ್ತು. ಒಮ್ಮೆಯೂ ಬಡಿಯದಿದ್ದರೆ ಪಂಪಿನ ಪಾಯಿಂಟುಗಳು ಅಂಟಿವೆಯೆಂದು ಅರ್ಥ. ಆಗ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎಚ್ಚರಾಗುವುದೂ ಉಂಟು. ಇಲ್ಲಿ ಎರಡು ಸಲ ಬಡಿದು ನಿಂತಿತು. ಅಂದರೆ ಪೆಟ್ರೋಲು ಇರಬೇಕಾದಲ್ಲಿ ಇದೆ. ಎರಡು ಬಾರಿ ಬಿಚ್ಚಿ ತೊಳೆದ ಕಾರ್ಬ್ಯುರೇಟರುಗಳು ನಿರಪರಾಧಿಗಳೆಂದು ಅರ್ಧ ನಿಮಿಷದಲ್ಲಿ ತೀರ್ಪಾಯಿತು.

ಆಮೇಲೆ ಡಿಸ್ಟ್ರಿಬ್ಯೂಟರಿನ ನಡುವಣ ತಂತಿಯನ್ನು ಕಿತ್ತು, ಇಂಜಿನ್ನಿನ ಕಬ್ಬಿಣಕ್ಕೆ ಕಾಲಂಗುಲ ದೂರದಲ್ಲಿ ಹಿಡಿದು ಸ್ಟಾರ್ಟರ್ ಎಳೆಸಿದರು. ನೀಲಿಯಾಗಿ ಚಟ್ಟನೆ ಸಿಡಿಯಬೇಕಾದ ಕಿಡಿ ಹಳದಿಯಾಗಿ, ಬಡವಾಗಿ ಬಂತು. ಮುಚ್ಚಳ ತೆಗೆದರೆ ಪಾಯಿಂಟುಗಳು ಸುಟ್ಟು ಕರಿಯಾಗಿದ್ದವು. ಅಪರಾಧಿ ಕಂಡೆನ್ಸರ್: ಕಿರುಬೆರಳಿನ ತುದಿಯಷ್ಟು ದಪ್ಪದ ತಗಡಿನ ಡಬ್ಬಿ. ಪಾಯಿಂಟು ತೆರೆದಾಗ ಅಲ್ಲಿ ಹಾರಲು ಹವಣಿಸುವ ವಿದ್ಯುತ್ತನ್ನು ತಾನು ನುಂಗಿಕೊಳ್ಳುವುದು ಅದರ ಕೆಲಸ. ಹಾಗಾದರೆ ಮಾತ್ರ ಕಾಯಿಲಿನಲ್ಲಿ ಬಲವಾದ ಕಿಡಿ ಹುಟ್ಟುತ್ತದೆ. ಒಳಗಿನ ಹೊದಿಕೆ ಹಳತಾದರೆ ತಣ್ಣಗಿರುವಾಗ ಸರಿಯಾಗಿದ್ದು ಕಾದಾಗ ಸೋರುತ್ತದೆ. ಅಂಬಾಸಡರಿನ ಕಂಡೆನ್ಸರೊಂದನ್ನು ಹಾಕಿ, ಪಾಯಿಂಟು ಅರದಿಂದ ತೀಡಿ, ಅಂಗುಲದ ಸಾವಿರದಲ್ಲಿ ಹದಿನೈದು ಭಾಗ ಸಂದು ಬಿಟ್ಟರು. ಕಾರು ಮೂವತ್ತು ಕಿಲೋಮೀಟರ್ ಓಡಿ, ನಿಲ್ಲದೆ ಹಿಂದಿರುಗಿತು. ಕಾರ್ಬ್ಯುರೇಟರಿನ ಕಾಯಿಲೆಗಳಲ್ಲಿ ಹೆಚ್ಚಿನವು ಡಿಸ್ಟ್ರಿಬ್ಯೂಟರಿನಲ್ಲಿರುತ್ತವೆ ಎಂಬ ಚಟಾಕಿ ಹಳೆಯ ಮೆಕ್ಯಾನಿಕರಲ್ಲಿ ಉಂಟು. ಅದು ಬರಿಯ ಚಟಾಕಿಯಲ್ಲ.

ಇಲ್ಲೊಂದು ಮಾತು ಹೇಳದೆ ಇರಲಾರೆ. ಆ ಇಂಜಿನ್ನಿನ ನಟ್ಟುಗಳು ಅಂಗುಲದ ಲೆಕ್ಕದವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ಆದರೆ ಸಡಿಲವಾಗಿ. ಬಿಗಿದ ನಟ್ಟಿನ ಮೇಲೆ ಬಲ ಹಾಕಿದರೆ ಮೂಲೆಗಳು ಸವೆದು ಉರುಟಾಗುತ್ತವೆ. ಕಾರು ಅದುವರೆಗೆ ಯಾರು ಯಾರ ಕೈಗೆ ಸಿಕ್ಕಿತ್ತೆಂಬ ಇತಿಹಾಸವನ್ನು ಆ ನಟ್ಟುಗಳಲ್ಲಿ ಓದಬಹುದಾಗಿತ್ತು. ನಮ್ಮ ಪಠ್ಯದ ಇತಿಹಾಸಕ್ಕಿಂತ ಸ್ಪಷ್ಟವಾಗಿತ್ತೆಂದರೆ ಅಧ್ಯಾಪಕರು ಕ್ಷಮಿಸಬೇಕು.

ಬ್ಯಾಟರಿ ನೋಡಲು ಆಸನದ ಹಿಂದಿನ ಹಲಗೆ ತೆಗೆದಾಗ ಆರು ಆರು ವೋಲ್ಟಿನ ಎರಡು ಬ್ಯಾಟರಿಗಳಿದ್ದುವು. ಧನ ತುದಿಯ ತಂತಿ ಕಾರಿನ ಮೈಗೆ ಕಟ್ಟಿತ್ತು. "ಯಾರೋ ತಿರುಗುಮುರುಗು ಹಾಕಿದ್ದಾರೆ" ಎಂದು ತಂದೆಯವರು ಸ್ಪ್ಯಾನರ್ ಎತ್ತಿಕೊಂಡರು. ಡಿಕ್ಕಿಯಲ್ಲಿ ಕಾರಿನ ಇಂಗ್ಲಿಷ್ ಕೈಪಿಡಿಯಿತ್ತು. ನಾನು ಪುಟ ತಿರುವಿ ನೋಡಿ ಹೇಳಿದೆ: ಈ ಕಾರಿಗೆ ಅದೇ ಸರಿಯಾದ ಕ್ರಮ, ಧನ ತುದಿಯೇ ಮೈಗೆ. ಬದಲಾಯಿಸಿದ್ದರೆ ಡೈನಮೋಗೂ ಕಟ್-ಔಟಿಗೂ ಅಪಾಯವಿತ್ತು. ಅವರು ನನ್ನ ಮುಖ ನೋಡಿದರು, ಸ್ಪ್ಯಾನರ್ ಕೆಳಗಿಟ್ಟರು. "ಮುಂದಿನ ಪುಟ ಓದು" ಎಂದರು.

ಸಂಜೆಯವರೆಗೆ ಓದಿದೆ, ಕನ್ನಡದಲ್ಲಿ ಹೇಳುತ್ತ ಹೋದೆ. ಬಹುಮಟ್ಟಿಗೆ ಎಲ್ಲವೂ ಅವರಿಗೆ ಗೊತ್ತಿದ್ದದ್ದೇ. ಕಾರ್ಬ್ಯುರೇಟರಿನ ಪಿಸ್ಟನನ್ನು ಕೂದಲೆಳೆಯಷ್ಟು ಎತ್ತಿದಾಗ ಇಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು, ಇಂಜಿನ್ನೇ ಸೋತರೆ ಕಡಮೆ, ತುಸು ಏರಿ ಇಳಿದರೆ ಹದ. ಎರಡು ಕಾರ್ಬ್ಯುರೇಟರುಗಳೂ ಸಮನಾಗಿ ಉಸಿರಾಡುತ್ತಿವೆಯೇ ಎಂದು ತಿಳಿಯಲು ರಬ್ಬರ್ ನಳಿಗೆಯ ಒಂದು ತುದಿಯನ್ನು ಅವುಗಳ ಬಾಯಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಕೇಳಬೇಕು. ಎರಡನ್ನು ಕೂಡಿಸುವ ಕೆಲಸ ಅವರಿಗೂ ಹೊಸದು. ಆದರೂ ಕಿವಿಗೆ ಹಿಡಿದೊಡನೆ "ಹಿಂದಿನದಕ್ಕೆ ಉಬ್ಬಸ" ಎಂದರು. ನಳಿಗೆಯನ್ನು ನನ್ನ ಕಿವಿಗೂ ಕೊಟ್ಟರು. ಅದು ಸ್ಪ್ಯಾನರ್ ಅಲ್ಲವಲ್ಲ!

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಕಾರುಗಳು ತಮ್ಮ ನೋವನ್ನು ಯಂತ್ರಕ್ಕೆ ಮಾತ್ರ ಹೇಳಿಕೊಳ್ಳುತ್ತವೆ. ಆ ಯಂತ್ರ ನಮ್ಮಲ್ಲಿಲ್ಲ. ನನ್ನ ಫಲಿತಾಂಶ ಬಂದ ದಿನ ಚಪ್ಪರ ಮುಚ್ಚುವುದಾಗಿ ತಂದೆಯವರು ಹೇಳುತ್ತಿದ್ದಾರೆ. ಸಂತೋಷದಿಂದಲೇ ಹೇಳುತ್ತಾರೆ, ನನಗೆ ಉತ್ತರ ತೋಚುವುದಿಲ್ಲ. ಒಂದು ನೋಟ್‌ಬುಕ್ ಮಾಡಿ, ಅವರು ಹೇಳಿದಂತೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಸೋತ ಕಂಡೆನ್ಸರಿನ ಕಿಡಿಗೆ ಅವರು "ಬಿಳಿಚಿದ ಕಿಡಿ" ಎನ್ನುತ್ತಾರೆ, ಹಾಗೆಯೇ ಬರೆದಿದ್ದೇನೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಸೇರಿರುವುದರಿಂದ ಹಳೆಯ ರಬ್ಬರ್ ಕೊಳವೆಗಳು ಮೆತ್ತಗಾಗಿ ಸೋರುವ ಸಂಗತಿ ಯಾವ ಹಳೆಯ ಕೈಪಿಡಿಯಲ್ಲಿಯೂ ಇಲ್ಲ. ಅದಕ್ಕೊಂದು ಪುಟ ಆಗಿದೆ. ಬ್ರೇಕಿನದು ಇನ್ನೂ ಆಗಿಲ್ಲ. ಭಾನುವಾರ ಹೇಳುತ್ತಾರಂತೆ.